ತಲೆ ಬೋಳಾದರೆ ನೀರನ್ನು ಬೈದು ಫಲವಿಲ್ಲ: ಗಂಡಸರ ಕೂದಲು, ಔಷಧಿ ಮತ್ತು ವರ್ಷಗಟ್ಟಲೆಯ ಖರ್ಚು

ವಿಜಯಪುರದ ಹುಡುಗನೊಬ್ಬನ ಕೂದಲು ಉದುರತೊಡಗಿದರೆ ಮೊದಲು ಬೈಸಿಕೊಳ್ಳುವುದು ಬೋರ್ ನೀರು. ಆಮೇಲೆ ಹೆಲ್ಮೆಟ್ಟು, ಬಿಸಿಲು, ಶಾಂಪೂ, ರಾತ್ರಿ ನಿದ್ದೆಗೆಟ್ಟು ಓದಿದ್ದು. ನೀರಿನ ಮೇಲಿನ ಸಿಟ್ಟಿಗೆ ಕಾರಣವಿಲ್ಲದಿಲ್ಲ. ಈ ಭಾಗದಲ್ಲಿ ಎಷ್ಟೋ ಬೋರ್‌ಗಳ ನೀರು ಗಡಸು. ಸಾಬೂನು ಹಚ್ಚಿದರೆ ನೊರೆ ಬರುವುದಿಲ್ಲ, ಬಕೆಟ್ಟಿನ ಒಳಗೆ ಬಿಳಿ ಪದರು ಕಟ್ಟುತ್ತದೆ, ತಲೆ ತೊಳೆದ ಮೇಲೆ ಕೂದಲು ಒರಟಾಗಿ ನಿಲ್ಲುತ್ತದೆ. ಡೋಣಿ ಹೊಳೆಯ ನೀರಂತೂ ಉಪ್ಪೇ ಉಪ್ಪು. ಇಂಥ ಕಡೆ ಬೆಳೆದವರಿಗೆ ನೀರಿನ ಮೇಲೆ ಅನುಮಾನ ಬರುವುದು ಸಹಜ.

ಆದರೆ ಆ ಹುಡುಗನ ತಲೆಯನ್ನೇ ಸರಿಯಾಗಿ ನೋಡಿ. ಹಣೆಯ ಎರಡೂ ಮೂಲೆಗಳಲ್ಲಿ ಕೂದಲು ಹಿಂದೆ ಸರಿದಿದೆ. ನೆತ್ತಿಯ ಸುಳಿ ಅಗಲವಾಗಿದೆ. ಕಿವಿಯ ಮೇಲೆ, ಹಿಂದಲೆಯಲ್ಲಿ ಮಾತ್ರ ಮೊದಲಿನಷ್ಟೇ ದಟ್ಟ. ನೆತ್ತಿಗೆ ಒಂದು ನೀರು, ಹಿಂದಲೆಗೆ ಇನ್ನೊಂದು ನೀರು ಅಂತ ಬೀಳುವುದಿಲ್ಲ ಅಲ್ವಾ? ಅದೇ ಬಚ್ಚಲಲ್ಲಿ ಅದೇ ನೀರು ಹಾಕಿಕೊಳ್ಳುವ ತಂಗಿಯ ಜಡೆ ಸೊಂಟದವರೆಗೆ ಇದೆ. ಗಡಸು ನೀರಿಗೆ ಕೂದಲು ಒಣಗಬಹುದು, ನಡುವೆ ಮುರಿಯಬಹುದು. ಬೇರು ಸಣ್ಣದಾಗುವುದಿಲ್ಲ. ಗಂಡಸರ ತಲೆ ಬೋಳಾಗುವುದು ಬೇರು ಸಣ್ಣದಾಗುವುದರಿಂದ.

ಈ ಫರಕು ಗೊತ್ತಿಲ್ಲದೆ ಹೋದರೆ ಕಾಲ ಕೈ ತಪ್ಪುತ್ತದೆ. ಹುಡುಗ ನಲ್ಲಿಗೆ ಫಿಲ್ಟರ್ ಹಾಕಿಸುತ್ತಾನೆ. ಎಣ್ಣೆ ಬದಲಿಸುತ್ತಾನೆ, ಶಾಂಪೂ ಬದಲಿಸುತ್ತಾನೆ, ಬಯೋಟಿನ್ ಅನ್ನುವ ವಿಟಮಿನ್ ಗುಳಿಗೆ ನುಂಗುತ್ತಾನೆ. ಹೀಗೇ ಎರಡು ಮೂರು ವರ್ಷ ಹೋಗುತ್ತದೆ. ಮನೆಯಲ್ಲಿ ಹೆಣ್ಣು ನೋಡುವ ಮಾತು ಬಂದಾಗ ಗಾಬರಿಬಿದ್ದು ಸೋಲಾಪುರಕ್ಕೋ ಹುಬ್ಬಳ್ಳಿಗೋ ಪುಣೆಗೋ ಕೂದಲು ಕಸಿ ಮಾಡಿಸಲು ಓಡುತ್ತಾನೆ. ಗಟ್ಟಿ ಪುರಾವೆ ಇರುವ ಔಷಧಿಗಳು ಮುಖ್ಯವಾಗಿ ಎರಡು: ಹಚ್ಚುವ ಮಿನಾಕ್ಸಿಡಿಲ್, ನುಂಗುವ ಫಿನಾಸ್ಟೆರೈಡ್. ಎರಡೂ ಇರುವ ಕೂದಲನ್ನು ಉಳಿಸುವಂಥವು. ಉಳಿಸಬಹುದಾಗಿದ್ದ ಕಾಲದಲ್ಲಿ ದುಡ್ಡು ಬೇರೆ ಕಡೆ ಹೋಗಿರುತ್ತದೆ. ಇವು ಮೂರು ತಿಂಗಳ ಕೋರ್ಸ್ ಮುಗಿಸಿ ಬಿಡುವ ಔಷಧಿಗಳೂ ಅಲ್ಲ. ಬಿಟ್ಟ ದಿನದಿಂದ ಲಾಭ ಇಳಿಯುತ್ತದೆ. ಹಾಗಾಗಿ ಯಾವುದನ್ನು ಹತ್ತಿಪ್ಪತ್ತು ವರ್ಷ ನಡೆಸಲು ಆಗುತ್ತದೆ, ನಡೆಸುವ ಮನಸ್ಸು ಇದೆಯಾ ಅನ್ನುವುದನ್ನೇ ಮೊದಲು ಯೋಚಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಒಳಗೆ ನಡೆಯುವುದು ಹೀಗೆ. ಗಂಡಸರ ಮೈಯಲ್ಲಿ ಟೆಸ್ಟೋಸ್ಟೆರೋನ್ ಅನ್ನುವ ಹಾರ್ಮೋನು ಜಾಸ್ತಿ. 5-ಆಲ್ಫಾ ರಿಡಕ್ಟೇಸ್ ಅನ್ನುವ ಕಿಣ್ವ ಅದರಲ್ಲಿ ಸ್ವಲ್ಪ ಭಾಗವನ್ನು ಡಿಎಚ್‌ಟಿ ಅನ್ನುವ ಇನ್ನೊಂದು ಹಾರ್ಮೋನಾಗಿ ಬದಲಿಸುತ್ತದೆ. ಹುಟ್ಟಿನಿಂದ ಆ ಗುಣ ಬಂದವರಲ್ಲಿ ಹಣೆ ಮತ್ತು ನೆತ್ತಿಯ ಬೇರುಗಳಿಗೆ ಈ ಡಿಎಚ್‌ಟಿ ಆಗಿಬರುವುದಿಲ್ಲ. ತಲೆಯ ಒಂದು ಕೂದಲು ಸಾಮಾನ್ಯವಾಗಿ 2ರಿಂದ 6 ವರ್ಷ ಬೆಳೆಯುತ್ತದೆ. ಸುಮಾರು 3 ತಿಂಗಳು ಸುಮ್ಮನೆ ನಿಲ್ಲುತ್ತದೆ, ಉದುರುತ್ತದೆ, ಅದೇ ಬೇರಿನಿಂದ ಹೊಸದು ಬರುತ್ತದೆ. ಡಿಎಚ್‌ಟಿಯ ಹೊಡೆತ ಬಿದ್ದ ಬೇರಿನಲ್ಲಿ ಬೆಳೆಯುವ ಕಾಲ ಸಲದಿಂದ ಸಲಕ್ಕೆ ಕಡಿಮೆಯಾಗುತ್ತದೆ. ಕೂದಲು ತೆಳುವಾಗುತ್ತದೆ, ಗಿಡ್ಡವಾಗುತ್ತದೆ, ಕೊನೆಗೆ ಕಣ್ಣಿಗೆ ಕಾಣದಷ್ಟು ನವಿರಾಗುತ್ತದೆ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತವೆ. ದಿಂಬಿನ ಮೇಲೆ ಬಿದ್ದದ್ದನ್ನು ಎಣಿಸಿ ಹೆದರಬೇಕಿಲ್ಲ. ಉದುರಿದ ಜಾಗದಲ್ಲಿ ಎಂಥದು ಹುಟ್ಟುತ್ತಿದೆ ಅನ್ನುವುದನ್ನು ನೋಡಬೇಕು.

ಹಾರ್ಮೋನಿನ ಈ ಕತೆ ಗೊತ್ತಾಗಿದ್ದೂ ಸ್ವಾರಸ್ಯವೇ. ಅಮೆರಿಕದ ಸಂಶೋಧಕ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ಒಂದು ವಿಷಯ ಬರೆದರು. ಹರೆಯಕ್ಕೆ ಬರುವ ಮುಂಚೆಯೇ ವೃಷಣ ಕಳೆದುಕೊಂಡ ಗಂಡಸರ ತಲೆ ಬೋಳಾಗುವುದಿಲ್ಲ. ಅವರಿಗೆ ಟೆಸ್ಟೋಸ್ಟೆರೋನ್ ಕೊಟ್ಟರೆ, ಮನೆತನದಲ್ಲಿ ಬೋಳುತಲೆ ಇದ್ದವರಿಗೆ ಕೂದಲು ಹೋಗತೊಡಗುತ್ತದೆ. ಹಾರ್ಮೋನು ಮತ್ತು ವಂಶ ಎರಡೂ ಕೂಡಿದಾಗಲೇ ಈ ತೊಂದರೆ ಅಂತ ಅಲ್ಲಿಗೆ ಗೊತ್ತಾಯಿತು. ಮುಂದೆ 1974ರಲ್ಲಿ ಡೊಮಿನಿಕನ್ ರಿಪಬ್ಲಿಕ್ ದೇಶದ ಸಲಿನಾಸ್ ಅನ್ನುವ ಹಳ್ಳಿಯ ಕೆಲವು ಕುಟುಂಬಗಳ ಬಗ್ಗೆ ಸಂಶೋಧಕಿ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಜೊತೆಗಾರರು ಬರೆದರು. ಅಲ್ಲಿ ಕೆಲವು ಗಂಡಸರಿಗೆ ಹುಟ್ಟಿನಿಂದಲೇ ಆ ಕಿಣ್ವದ ಕೊರತೆ. ಮೈಯಲ್ಲಿ ಟೆಸ್ಟೋಸ್ಟೆರೋನ್ ಇದೆ, ಡಿಎಚ್‌ಟಿ ತೀರಾ ಕಡಿಮೆ. ಗಂಡಸರಿಗೆ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಅವರಲ್ಲಿ ಸಣ್ಣದಾಗೇ ಉಳಿದಿತ್ತು. ಹಣೆಯ ಕೂದಲು ಹಿಂದೆ ಸರಿದಿರಲಿಲ್ಲ. ಆ ಕಿಣ್ವವನ್ನು ತಡೆಯುವ ಔಷಧಿ ಮಾಡಿದರೆ ಹೇಗೆ ಅನ್ನುವ ಯೋಚನೆಗೆ ಇಲ್ಲಿಂದ ಬಲ ಬಂತು.

ನಮ್ಮ ಕಡೆ "ಸೋದರಮಾವನ ತಲಿ ನೋಡು, ನಿಂದೂ ಹಂಗ ಆಗ್ತದ" ಅನ್ನುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. ಡಿಎಚ್‌ಟಿಗೆ ಬೇರು ಹೇಗೆ ಸ್ಪಂದಿಸುತ್ತದೆ ಅನ್ನುವುದನ್ನು ನಿರ್ಧರಿಸುವ ಒಂದು ಮುಖ್ಯ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡುಮಕ್ಕಳಿಗೆ ಅದು ಬರುವುದು ತಾಯಿಯಿಂದ. ಆದರೆ ಬೇರೆ ಜೀನ್‌ಗಳೂ ಬೇಕಾದಷ್ಟು ಇವೆ, ಅವು ಎರಡೂ ಕಡೆಯಿಂದ ಬರುತ್ತವೆ. ಹಾಗಾಗಿ ಅಪ್ಪ, ಕಾಕಾ, ಅಜ್ಜ ಎಲ್ಲರ ತಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಔಷಧಿಗೆ ಹೋಗುವ ಮುಂಚೆ ಇದು ಅದೇ ತೊಂದರೆ ಹೌದಾ ಅನ್ನುವುದು ಖಾತ್ರಿಯಾಗಬೇಕು. 2025ರ ಜನವರಿಯಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಶೇಗಾಂವ ಸುತ್ತಿನ ಹಳ್ಳಿಗಳಲ್ಲಿ ಕೆಲವೇ ದಿನಗಳಲ್ಲಿ ಜನರ ತಲೆ ಬೋಳಾದ ಸುದ್ದಿ ಇಲ್ಲಿಯೂ ಮೊಬೈಲಿಂದ ಮೊಬೈಲಿಗೆ ಓಡಾಡಿತು. ಅಲ್ಲೂ ಮೊದಲು ಅನುಮಾನ ನೀರಿನ ಮೇಲೆ ಬಂತು. ಆಮೇಲೆ ರಕ್ತ ಪರೀಕ್ಷೆ ಮಾಡಿದಾಗ ಸೆಲೆನಿಯಂ ಅನ್ನುವ ಖನಿಜ ಜಾಸ್ತಿ ಕಂಡುಬಂತು, ಅನುಮಾನ ಪಡಿತರ ಗೋಧಿಯ ಕಡೆ ತಿರುಗಿತು. ಅಲ್ಲಿ ಹೆಂಗಸರು, ಮಕ್ಕಳು ಅನ್ನದೆ ಎಲ್ಲರಿಗೂ ಆಗಿತ್ತು. ಗಂಡಸರ ವಂಶದ ಬೋಳುತಲೆ ಹಾಗೆ ದಿನಗಳಲ್ಲಿ ಬರುವುದಿಲ್ಲ, ವರ್ಷಗಳಲ್ಲಿ ಬರುತ್ತದೆ. ಡೆಂಗಿ, ಟೈಫಾಯ್ಡ್, ಕೋವಿಡ್, ದೊಡ್ಡ ಆಪರೇಷನ್ ಆದ ಎರಡು ಮೂರು ತಿಂಗಳ ಮೇಲೆ ಬಾಚಿದರೆ ಹಿಡಿ ಹಿಡಿ ಉದುರುತ್ತದಲ್ಲ, ಅದೂ ಬೇರೆಯೇ. ಅದು ಬಹಳ ಸಲ ಆರು ತಿಂಗಳಲ್ಲಿ ತಾನೇ ನಿಲ್ಲುತ್ತದೆ. ರೂಪಾಯಿ ನಾಣ್ಯದಷ್ಟು ದುಂಡಗೆ ಬೋಳಾಗಿದ್ದರೆ ಅದು ಇನ್ನೊಂದು ರೋಗ. ತುರಿಕೆ, ಕೀವು, ಕೆಂಪು ಇದ್ದರೆ ಮತ್ತೊಂದು. ಥೈರಾಯ್ಡ್ ತೊಂದರೆ, ಕಬ್ಬಿಣದ ಕೊರತೆಯಲ್ಲೂ ಕೂದಲು ಹೋಗುತ್ತದೆ. ಇವನ್ನೆಲ್ಲ ಬೇರ್ಪಡಿಸಿ ಹೇಳಲು ಚರ್ಮದ ಡಾಕ್ಟರಿಗೆ ತಲೆ ತೋರಿಸಬೇಕು. ಅದಕ್ಕೆ ದೂರ ಹೋಗಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು, ಬಿಎಲ್‌ಡಿಇ ಸಂಸ್ಥೆಯ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜಿನ ಆಸ್ಪತ್ರೆ ವಿಜಯಪುರದಲ್ಲೇ ಇದೆ. ಹೊರರೋಗಿ ಚೀಟಿಯ ಖರ್ಚು ಒಂದು ಬಾಟಲಿ "ವಿಶೇಷ" ಎಣ್ಣೆಗಿಂತ ಕಡಿಮೆ.

ಅಂದಹಾಗೆ ಮೊದಲು ಪತ್ತೆ ಹಚ್ಚುವವರು ಡಾಕ್ಟರ್ ಅಲ್ಲ, ಕಟಿಂಗ್ ಅಂಗಡಿಯವರು. ಸ್ಟೇಷನ್ ರೋಡ್ ಕಡೆಯ ಒಂದು ಅಂಗಡಿಯಲ್ಲಿ ನಾನು ಸರದಿಗೆ ಕೂತಿದ್ದೆ. ಕುರ್ಚಿಯಲ್ಲಿದ್ದವನು ಪರೀಕ್ಷೆಗೆ ಓದುತ್ತಿದ್ದ ಹುಡುಗ. ಕಟಿಂಗ್ ಮುಗಿದ ಮೇಲೆ ಹಿರಿಯ ಕೆಲಸಗಾರರು ಕೈಗನ್ನಡಿಯನ್ನು ಹುಡುಗನ ಹಿಂದಲೆಗೆ ಹಿಡಿದರು. "ತಮ್ಮಾ, ಸುಳಿ ಅಗಲ ಆಗ್ಲಾಕತ್ತದ ನೋಡು. ಹೋದ ವರ್ಷ ಹಿಂಗ ಇರ್ಲಿಲ್ಲ." ಹುಡುಗ ಮುಂದಿನ ಕನ್ನಡಿಯಲ್ಲಿ ತನ್ನ ನೆತ್ತಿಯನ್ನು ಸರಿಯಾಗಿ ನೋಡಿದ್ದು ಅದೇ ಮೊದಲು ಅನ್ನಿಸಿತು. ಮುಖ ಸಣ್ಣದಾಯಿತು. "ಏನರೆ ಹಚ್ಚಬೇಕೇನ್ರಿ ಕಾಕಾ?" ಅಂದ. "ನನಗ ಕೇಳಬ್ಯಾಡ, ಡಾಕ್ಟರ್‌ಗೆ ತೋರಿಸು. ನನ್ನ ಕಡೆ ಎಣ್ಣಿ ಅದ, ಖರೆ ಅದರಿಂದ ಸುಳಿ ಮುಚ್ಚೂದಿಲ್ಲ." ತಮ್ಮ ಅಂಗಡಿಯ ಎಣ್ಣೆ ಮಾರಬಹುದಾಗಿದ್ದ ಹೊತ್ತಿನಲ್ಲಿ ಅವರು ಆಡಿದ ಈ ಮಾತಿಗೆ ನಾನು ಮನಸಾರೆ ತಲೆಬಾಗಿದೆ. ಎಷ್ಟೋ ದೊಡ್ಡ ಜಾಹೀರಾತುಗಳಲ್ಲಿ ಇಷ್ಟು ಪ್ರಾಮಾಣಿಕತೆ ಇಲ್ಲ.

ಈಗ ಔಷಧಿಗಳ ವಿಷಯ. ಮೊದಲನೆಯದು ಮಿನಾಕ್ಸಿಡಿಲ್. ಇದು ಶುರುವಾಗಿದ್ದು ಬಿಪಿ ಗುಳಿಗೆಯಾಗಿ. ಅಮೆರಿಕದಲ್ಲಿ 1979ರಲ್ಲಿ ಅನುಮತಿ ಸಿಕ್ಕಿತು. ನುಂಗಿದವರ ಮುಖ, ಕೈ, ಬೆನ್ನಿನ ಮೇಲೆಲ್ಲ ಕೂದಲು ಬಂತು. ಆ ಅಡ್ಡಪರಿಣಾಮವನ್ನೇ ಔಷಧಿ ಮಾಡಿ, ತಲೆಗೆ ಹಚ್ಚುವ 2 ಪರ್ಸೆಂಟ್ ದ್ರಾವಣವನ್ನು 1988ರಲ್ಲಿ ಗಂಡಸರಿಗಾಗಿ ಬಿಟ್ಟರು. ಆಮೇಲೆ 5 ಪರ್ಸೆಂಟಿನದು ಬಂತು. 48 ವಾರ ನಡೆದ ಒಂದು ಪರೀಕ್ಷೆಯಲ್ಲಿ 2 ಪರ್ಸೆಂಟಿಗಿಂತ 5 ಪರ್ಸೆಂಟಿನದು ಶೇ. 45ರಷ್ಟು ಜಾಸ್ತಿ ಕೂದಲು ಬೆಳೆಸಿತು. ಇದು ಡಿಎಚ್‌ಟಿಯನ್ನು ಮುಟ್ಟುವುದಿಲ್ಲ. ಬೇರು ಬೆಳೆಯುವ ಕಾಲವನ್ನು ಉದ್ದ ಮಾಡುತ್ತದೆ. ಅದು ಕೆಲಸ ಮಾಡಬೇಕಾದರೆ ತಲೆಯ ಚರ್ಮದಲ್ಲಿರುವ ಒಂದು ಕಿಣ್ವ ಅದನ್ನು ಬೇರೆ ರೂಪಕ್ಕೆ ಬದಲಿಸಬೇಕು. ಆ ಕಿಣ್ವ ಕೆಲವರಲ್ಲಿ ಕಡಿಮೆ. ಒಬ್ಬರಿಗೆ ಕೂದಲು ಬಂದು ಗೆಳೆಯನಿಗೆ ಬಾರದೆ ಇರುವುದಕ್ಕೆ ಇದೂ ಒಂದು ಕಾರಣ.

ಹಚ್ಚುವ ರೀತಿ ಸರಳ, ಆದರೆ ಬಹಳ ಜನ ಇಲ್ಲೇ ಸೋಲುತ್ತಾರೆ. ದಿನಕ್ಕೆ ಎರಡು ಸಲ, ಸಲಕ್ಕೆ 1 ಮಿಲಿ. ಒಣಗಿದ ತಲೆಗೆ, ಕೂದಲು ಬಿಡಿಸಿ ಚರ್ಮಕ್ಕೆ ತಾಗುವಂತೆ. ಎಣ್ಣೆಯಂತೆ ತಿಕ್ಕಿ ಕೂದಲಿಗೆ ಬಳಿದರೆ ಏನೂ ಪ್ರಯೋಜನವಿಲ್ಲ. ಶುರು ಮಾಡಿದ ಎರಡು ವಾರಕ್ಕೋ ತಿಂಗಳಿಗೋ ಕೆಲವರಿಗೆ ಕೂದಲು ಇನ್ನೂ ಜಾಸ್ತಿ ಉದುರುತ್ತದೆ. ಹಳೆಯ ಕೂದಲು ಜಾಗ ಬಿಡುವುದರಿಂದ ಹಾಗಾಗುತ್ತದೆ. ಎಷ್ಟೋ ಹುಡುಗರು ಅಲ್ಲಿಗೇ ಗಾಬರಿಯಾಗಿ ಬಾಟಲಿ ಎಸೆಯುತ್ತಾರೆ. ಫಲ ಕಾಣಲು 4ರಿಂದ 6 ತಿಂಗಳು ಬೇಕು. ಬಿಟ್ಟರೆ ಮೂರ್ನಾಲ್ಕು ತಿಂಗಳಲ್ಲಿ ಬಂದದ್ದು ಹೋಗುತ್ತದೆ. ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್‌ನಿಂದ ಕೆಲವರಿಗೆ ತುರಿಕೆ, ಹೊಟ್ಟು ಆಗುತ್ತದೆ. ಅಂಥವರಿಗೆ ನೊರೆ ರೂಪದ್ದು ಆಗಿಬರುತ್ತದೆ. ಇನ್ನೆರಡು ಮಾತು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಹಚ್ಚಿದ ಮೇಲೆ ಕೈ ತೊಳೆಯಬೇಕು, ಒಣಗುವವರೆಗೆ ಕೂಸನ್ನು ಎತ್ತಿಕೊಳ್ಳಬಾರದು. ಮನೆಯಲ್ಲಿ ಬೆಕ್ಕು ಇದ್ದರೆ ಬಾಟಲಿಯನ್ನೂ ದಿಂಬಿನ ಬಟ್ಟೆಯನ್ನೂ ದೂರ ಇಡಬೇಕು. ಬೆಕ್ಕಿಗೆ ಇದು ವಿಷ, ಸ್ವಲ್ಪ ನೆಕ್ಕಿದರೂ ಜೀವಕ್ಕೆ ಅಪಾಯ.

ಈಚೆಗೆ ಮಿನಾಕ್ಸಿಡಿಲನ್ನು ಸಣ್ಣ ಪ್ರಮಾಣದಲ್ಲಿ ಗುಳಿಗೆಯಾಗಿ ಕೊಡುವುದೂ ಹೆಚ್ಚಾಗಿದೆ. ಕೂದಲಿಗೆ ಅಂತ ಅದಕ್ಕೆ ಅಧಿಕೃತ ಅನುಮತಿ ಇಲ್ಲ, ಡಾಕ್ಟರ್ ತಮ್ಮ ಅನುಭವದ ಮೇಲೆ ಬರೆಯುತ್ತಾರೆ. ಕಾಲು ಬಾವು, ಎದೆಬಡಿತ, ಮೈಮೇಲೆ ಕೂದಲು ಬರಬಹುದು. ಹೃದಯದ ತೊಂದರೆ ಇದ್ದವರು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳುವ ಸಾಹಸ ಮಾಡಲೇಬಾರದು.

ಎರಡನೆಯದು ಫಿನಾಸ್ಟೆರೈಡ್. ಬೋಳುತಲೆಯ ಕಾರಣಕ್ಕೇ ಕೈ ಹಾಕುವ ಔಷಧಿ ಇದು. ಆ ಕಿಣ್ವವನ್ನು ತಡೆದು ರಕ್ತದ ಡಿಎಚ್‌ಟಿಯನ್ನು ಸುಮಾರು ಶೇ. 70ರಷ್ಟು ಇಳಿಸುತ್ತದೆ. 5 ಮಿಲಿಗ್ರಾಂ ಗುಳಿಗೆ 1992ರಲ್ಲಿ ಪ್ರಾಸ್ಟೇಟ್ ದೊಡ್ಡದಾದವರಿಗೆ ಅಂತ ಬಂತು, 1 ಮಿಲಿಗ್ರಾಂ ಗುಳಿಗೆ 1997ರಲ್ಲಿ ಕೂದಲಿಗೆ ಅಂತ ಬಂತು. ದೊಡ್ಡ ಪರೀಕ್ಷೆಯಲ್ಲಿ 18ರಿಂದ 41 ವಯಸ್ಸಿನ 1,553 ಗಂಡಸರು ಇದ್ದರು. ನೆತ್ತಿಯ ಒಂದು ಗುರುತು ಹಾಕಿದ ಜಾಗದಲ್ಲಿ ಕೂದಲು ಎಣಿಸಿದರು. ಎರಡು ವರ್ಷದ ಮೇಲೆ ಗುಳಿಗೆ ತೆಗೆದುಕೊಂಡವರಲ್ಲಿ ಶೇ. 83 ಮಂದಿಗೆ ಕೂದಲ ಎಣಿಕೆ ಕಡಿಮೆಯಾಗಿರಲಿಲ್ಲ. ಹೋಲಿಕೆಗೆ ಅಂತ ಔಷಧಿ ಇಲ್ಲದ ಹುಸಿ ಗುಳಿಗೆ ಕೊಟ್ಟವರಲ್ಲಿ ಹಾಗೆ ಉಳಿದವರು ಶೇ. 28 ಮಾತ್ರ. ಅಂದರೆ ಔಷಧಿಯ ದೊಡ್ಡ ಲಾಭ ತಡೆಯುವುದರಲ್ಲಿದೆ. ಹೋದ ಕೂದಲಲ್ಲಿ ಸ್ವಲ್ಪ ಮರಳಿ ದಪ್ಪವಾಗಬಹುದು. ಪೂರ್ತಿ ನುಣ್ಣಗಾದ ಜಾಗಕ್ಕೆ ಏನೂ ಬರುವುದಿಲ್ಲ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಳ್ಳಿ ಸೊರಗಿದಾಗ ಟ್ಯಾಂಕರ್ ನೀರು ಹಾಕಿದರೆ ಉಳಿಯುತ್ತದೆ. ಒಣಗಿ ಕಟ್ಟಿಗೆಯಾದ ಮೇಲೆ ಎಷ್ಟು ಹಾಕಿದರೂ ಚಿಗುರುವುದಿಲ್ಲ.

ಈ ಗುಳಿಗೆಯ ಭಯ ಜನರಲ್ಲಿ ಬಹಳ ಇದೆ. ಭಯವನ್ನು ತಳ್ಳಿಹಾಕಬಾರದು, ಅದರ ಅಳತೆ ಗೊತ್ತಿರಬೇಕು. ಮೊದಲ ವರ್ಷದ ಪರೀಕ್ಷೆಗಳಲ್ಲಿ ಲೈಂಗಿಕ ತೊಂದರೆ ಹೇಳಿದವರು ಗುಳಿಗೆಯ ಗುಂಪಿನಲ್ಲಿ ಶೇ. 3.8, ಹುಸಿ ಗುಳಿಗೆಯ ಗುಂಪಿನಲ್ಲಿ ಶೇ. 2.1. ಬಹುಪಾಲು ಮಂದಿಗೆ ಬಿಟ್ಟ ಮೇಲೆ ಸರಿಹೋಗುತ್ತದೆ. ಆದರೆ ಬಿಟ್ಟ ಮೇಲೂ ತೊಂದರೆ ಉಳಿಯಿತು ಅನ್ನುವವರು ಇದ್ದಾರೆ, ಆ ದೂರನ್ನು ಔಷಧಿಯ ಎಚ್ಚರಿಕೆ ಪತ್ರದಲ್ಲೂ ಸೇರಿಸಲಾಗಿದೆ. ವೀರ್ಯದ ಗುಣಮಟ್ಟ ಇಳಿಯುವುದೂ ಕೆಲವರಲ್ಲಿ ಕಂಡಿದೆ. ಹೊಸದಾಗಿ ಮದುವೆಯಾಗಿ ಮಗು ಬೇಕು ಅಂದುಕೊಂಡಿರುವವರು ಇದನ್ನು ಡಾಕ್ಟರ್ ಮುಂದೆ ಬಾಯಿಬಿಟ್ಟು ಹೇಳಬೇಕು. ಇದಕ್ಕಿಂತ ಗಂಭೀರವಾದದ್ದು ಮನಸ್ಸಿನ ವಿಷಯ. ಫಿನಾಸ್ಟೆರೈಡ್ ಗುಳಿಗೆಯಿಂದ ಆತ್ಮಹತ್ಯೆಯ ಯೋಚನೆ ಬರಬಹುದು ಅನ್ನುವುದನ್ನು ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ಅಡ್ಡಪರಿಣಾಮ ಎಂದೇ ಒಪ್ಪಿತು. ಇದು ಅಪರೂಪ. ಆದರೂ ನಮ್ಮ ಹುಡುಗರ ಸ್ಥಿತಿ ನೆನೆದರೆ ನನಗೆ ಇದು ಅಪರೂಪ ಅಂತ ಬಿಟ್ಟುಬಿಡುವ ಮಾತಾಗಿ ಕಾಣುವುದಿಲ್ಲ. ಪಿಎಸ್‌ಐ, ಕೆಎಎಸ್ ಅಂತ ಬಾಡಿಗೆ ರೂಮಿನಲ್ಲಿ ವರ್ಷಗಟ್ಟಲೆ ಓದುತ್ತಿರುವವನು, ನೇಮಕಾತಿ ಮುಂದೆ ಹೋಗುತ್ತಿರುವುದನ್ನು ನೋಡುತ್ತಿರುವವನು, ಮನೆಯಿಂದ ಮದುವೆಯ ಒತ್ತಡ ಇರುವವನು ಮೊದಲೇ ಕುಗ್ಗಿರುತ್ತಾನೆ. ಅಂಥವನಿಗೆ ಗುಳಿಗೆ ಕೊಡುವ ಮುಂಚೆ "ನಿದ್ದಿ ಬರ್ತದೇನು, ಮನಸ್ಸು ಹೆಂಗದ?" ಅಂತ ಕೇಳುವ ಡಾಕ್ಟರ್ ಬೇಕು. ಮೊದಲು ಖಿನ್ನತೆ ಇದ್ದವರು ಅದನ್ನು ಮುಚ್ಚಿಡಬಾರದು. ಗುಳಿಗೆ ಶುರುವಾದ ಮೇಲೆ ಮನಸ್ಸು ಕೆಟ್ಟರೆ ಗುಳಿಗೆ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಬೇಕು. ಕೂದಲು ಆಮೇಲೆ ನೋಡಿಕೊಳ್ಳಬಹುದು.

ಗರ್ಭಿಣಿಯರು ಒಡೆದ ಗುಳಿಗೆಯನ್ನು ಮುಟ್ಟಬಾರದು, ಹೊಟ್ಟೆಯಲ್ಲಿರುವ ಗಂಡುಮಗುವಿನ ಬೆಳವಣಿಗೆಗೆ ತೊಂದರೆಯಾಗಬಹುದು. ರಕ್ತದಾನ ಮಾಡುವವರು ಗುಳಿಗೆ ನಿಲ್ಲಿಸಿ ಒಂದು ತಿಂಗಳು ಕಾಯಬೇಕು. ಪ್ರಾಸ್ಟೇಟ್‌ಗೆ ಮಾಡುವ ಪಿಎಸ್‌ಎ ರಕ್ತ ಪರೀಕ್ಷೆಯ ಅಂಕಿಯನ್ನು ಈ ಗುಳಿಗೆ ಅರ್ಧಕ್ಕೆ ಇಳಿಸುತ್ತದೆ, ಹಾಗಾಗಿ ಆ ಪರೀಕ್ಷೆ ಬರೆದ ಡಾಕ್ಟರಿಗೆ ಹೇಳಲೇಬೇಕು. ಇನ್ನೊಂದು ವಿಷಯ ಮೆಡಿಕಲ್ ಅಂಗಡಿಯಲ್ಲೇ ನಡೆಯುತ್ತದೆ. ಮಿನಾಕ್ಸಿಡಿಲ್ ಅಂತ ಕೇಳಿದರೆ ಕೊಡುವ ಬಾಟಲಿಗಳಲ್ಲಿ ಕೆಲವಕ್ಕೆ ಫಿನಾಸ್ಟೆರೈಡ್ ಕೂಡ ಬೆರೆಸಿರುತ್ತಾರೆ. ಹೆಸರಿನ ಕೊನೆಗೆ ಒಂದು ಅಕ್ಷರ ಜಾಸ್ತಿ ಇರುತ್ತದೆ ಅಷ್ಟೇ. ಹಚ್ಚುವ ಫಿನಾಸ್ಟೆರೈಡ್ ಕೂಡ ಚರ್ಮದಿಂದ ಒಳಗೆ ಹೋಗುತ್ತದೆ. ಔಷಧಿ ಅಂಗಡಿಗಳು ತಾವೇ ಬೆರೆಸಿ ಮಾರುವ ಇಂಥ ಮಿಶ್ರಣಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಎಚ್ಚರಿಕೆ ಕೊಟ್ಟಿದೆ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದದೆ ದುಡ್ಡು ಕೊಡಬೇಡಿ.

ಡ್ಯುಟಾಸ್ಟೆರೈಡ್ ಇದೇ ಜಾತಿಯದು, ಇನ್ನೂ ಜೋರು. ಡಿಎಚ್‌ಟಿಯನ್ನು ಶೇ. 90ಕ್ಕಿಂತ ಜಾಸ್ತಿ ಇಳಿಸುತ್ತದೆ. ಬೋಳುತಲೆಗೆ ದಕ್ಷಿಣ ಕೊರಿಯಾ 2009ರಲ್ಲಿ, ಜಪಾನ್ 2015ರಲ್ಲಿ ಒಪ್ಪಿವೆ. ಅಮೆರಿಕ ಒಪ್ಪಿಲ್ಲ. ಮೈಯಿಂದ ಹೋಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ರಕ್ತದಾನಕ್ಕೆ ಆರು ತಿಂಗಳು ಕಾಯಬೇಕು. ಮೊದಲ ಗುಳಿಗೆಯಾಗಿ ಇದಕ್ಕೇ ಕೈ ಹಾಕುವ ಅವಸರ ಬೇಡ.

ಈ ಔಷಧಿಗಳ ಆಚೆ ಹಚ್ಚುವ, ಚುಚ್ಚುವ, ನುಂಗುವ ಉಳಿದದ್ದಕ್ಕೆಲ್ಲ ಪುರಾವೆ ತೆಳು. ಪಿಆರ್‌ಪಿ ಅಂದರೆ ನಮ್ಮದೇ ರಕ್ತ ತೆಗೆದು ಯಂತ್ರದಲ್ಲಿ ಜೋರಾಗಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ತಲೆಗೆ ಚುಚ್ಚುವುದು. ಕೆಲವು ಅಧ್ಯಯನಗಳಲ್ಲಿ ಲಾಭ ಕಂಡಿದೆ, ಕೆಲವದರಲ್ಲಿ ಇಲ್ಲ. ತಯಾರಿಸುವ ರೀತಿಯೇ ಒಂದೊಂದು ಕಡೆ ಒಂದೊಂದು. ಸಲ ಸಲಕ್ಕೂ ಸಾವಿರಾರು ರೂಪಾಯಿ. ಮೊದಲೆರಡು ಔಷಧಿ ಬಿಟ್ಟು ಇದನ್ನೇ ಮಾಡಿಸಿ ಅನ್ನುವ ಕಡೆ ನನಗೆ ನಂಬಿಕೆ ಇಲ್ಲ. ಲೇಸರ್ ಬಾಚಣಿಗೆಗೆ 2007ರಲ್ಲಿ ಅಮೆರಿಕದಲ್ಲಿ ಮಾರಾಟದ ಒಪ್ಪಿಗೆ ಸಿಕ್ಕಿದೆ, ಸ್ವಲ್ಪ ಲಾಭ ಇರಬಹುದು. ಬಯೋಟಿನ್ ಕೊರತೆ ಇದ್ದವರಿಗೆ ಮಾತ್ರ ಬಯೋಟಿನ್ ಬೇಕು, ಅಂಥ ಕೊರತೆ ಅಪರೂಪ. ಮೇಲಾಗಿ ಜಾಸ್ತಿ ಬಯೋಟಿನ್ ತಿಂದರೆ ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಪತ್ತೆ ಹಚ್ಚುವ ಟ್ರೋಪೋನಿನ್ ಪರೀಕ್ಷೆ ತಪ್ಪು ತೋರಿಸಬಹುದು. ಎದೆನೋವು ಅಂತ ಬಂದವನಿಗೆ ರಿಪೋರ್ಟ್ ತಪ್ಪು ಬಂದರೆ ಏನು ಗತಿ?

ಎಣ್ಣೆಯ ಮಾತು. ಕೊಬ್ಬರಿ ಎಣ್ಣೆ ಹಚ್ಚಿದರೆ ಕೂದಲು ಮೆತ್ತಗಾಗುತ್ತದೆ, ಮುರಿಯುವುದು ಕಡಿಮೆಯಾಗುತ್ತದೆ, ಅಮ್ಮ ಹಚ್ಚಿದರೆ ನಿದ್ದೆಯೂ ಬರುತ್ತದೆ. ಅದಕ್ಕೆ ಯಾರ ತಕರಾರೂ ಇಲ್ಲ. ತಕರಾರು ಇರುವುದು "30 ದಿನದಲ್ಲಿ ಹೊಸ ಕೂದಲು" ಅನ್ನುವ ಮಾತಿಗೆ. ಕಾಡಿನ ಬೇರು, ನೂರೆಂಟು ಮೂಲಿಕೆ, ಉದ್ದ ಕೂದಲಿನ ಹೆಂಗಸರ ರೀಲ್ಸ್. ಆ ಹೆಂಗಸರಿಗೆ ಈ ತೊಂದರೆ ಮೊದಲೇ ಇಲ್ಲ ಅನ್ನುವುದನ್ನು ಯಾರೂ ಯೋಚಿಸುವುದಿಲ್ಲ. ನಮ್ಮ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಜೆ ಅಂತ ಒಂದು ಪಟ್ಟಿ ಇದೆ. ಯಾವ ಯಾವ ರೋಗವನ್ನು ವಾಸಿ ಮಾಡುತ್ತೇವೆ ಅಂತ ಔಷಧಿಯವರು ಹೇಳಿಕೊಳ್ಳಬಾರದು ಅನ್ನುವ ಪಟ್ಟಿ ಅದು. ಕ್ಯಾನ್ಸರ್, ಕುರುಡುತನದ ಸಾಲಿನಲ್ಲೇ ಬೋಳುತಲೆಯೂ ಇದೆ. ಹೊಸ ಕೂದಲು ಬೆಳೆಸುವುದೂ ಇದೆ. ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ದಿನಕ್ಕೆ ಎಷ್ಟು ಜಾಹೀರಾತು ಮೊಬೈಲಿನಲ್ಲಿ ಬರುತ್ತವೆ! ಆನ್‌ಲೈನ್ ಕಿಟ್‌ಗಳ ಕತೆಯೂ ಇದಕ್ಕೆ ಹತ್ತಿರದ್ದೇ. ಹತ್ತು ಪ್ರಶ್ನೆ ಕೇಳಿ, ಎಣ್ಣೆ, ಶಾಂಪೂ, ಜೀರ್ಣದ ಚೂರ್ಣ, ವಿಟಮಿನ್ ಅಂತ ಒಂದು ಪೆಟ್ಟಿಗೆ ಕಳಿಸುತ್ತಾರೆ. ಅದರೊಳಗೆ ಒಂದು ಮಿನಾಕ್ಸಿಡಿಲ್ ಬಾಟಲಿ ಇದ್ದರೆ, ಏನಾದರೂ ಫಲ ಬಂದಿದ್ದರೆ ಅದರದ್ದೇ. ಉಳಿದದ್ದಕ್ಕೆಲ್ಲ ಸುಮ್ನೆ ದುಡ್ಡು ಕೊಟ್ಟ ಹಾಗೆ.

ಕಸಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ದೊಡ್ಡ ದುಡ್ಡೂ ದೊಡ್ಡ ಅಪಾಯವೂ ಇಲ್ಲೇ ಇದೆ. ಹಿಂದಲೆಯ ಬೇರಿಗೆ ಡಿಎಚ್‌ಟಿಯ ಭಯವಿಲ್ಲ. ಅದನ್ನು ಕಿತ್ತು ಹಣೆಯಲ್ಲಿ ನೆಟ್ಟರೂ ಅದು ತನ್ನ ಹಿಂದಲೆಯ ಗುಣವನ್ನು ಬಿಡುವುದಿಲ್ಲ. ನ್ಯೂಯಾರ್ಕಿನ ಚರ್ಮದ ಡಾಕ್ಟರ್ ನಾರ್ಮನ್ ಒರೆಂಟ್ರೈಕ್ 1959ರಲ್ಲಿ ಇದನ್ನು ಬರೆದು ತೋರಿಸಿದರು, ಇಂದಿನ ಕಸಿಯೆಲ್ಲ ನಿಂತಿರುವುದು ಅದರ ಮೇಲೆ. ಹಿಂದಲೆಯಿಂದ ಚರ್ಮದ ಪಟ್ಟಿ ತೆಗೆಯುವುದು ಒಂದು ರೀತಿ. ಸುಮಾರು 1 ಮಿಲಿಮೀಟರ್ ಅಗಲದ ಕೊರೆಯುವ ಸಾಧನದಿಂದ ಬೇರುಗಳನ್ನು ಒಂದೊಂದಾಗಿ ತೆಗೆಯುವುದು ಇನ್ನೊಂದು. ನೆಟ್ಟ ಕೂದಲು ಎರಡು ಮೂರು ವಾರದಲ್ಲಿ ಉದುರುತ್ತದೆ, ಬೇರು ಉಳಿದು ಮೂರ್ನಾಲ್ಕು ತಿಂಗಳ ಮೇಲೆ ಮತ್ತೆ ಹುಟ್ಟುತ್ತದೆ. ಪೂರ್ತಿ ಫಲಕ್ಕೆ ಒಂದು ವರ್ಷ. ಮುಂದಿನ ತಿಂಗಳು ಎಂಗೇಜ್‌ಮೆಂಟ್ ಇಟ್ಟುಕೊಂಡು ಈ ತಿಂಗಳು ಕಸಿ ಮಾಡಿಸುವವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಹಿಂದಲೆಯ ಬೇರುಗಳು ಮುಗಿಯದ ದಾಸ್ತಾನು ಅಲ್ಲ. ಒಮ್ಮೆ ತೆಗೆದ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. 22ರ ಹುಡುಗ ಹಣೆಯನ್ನು ಹದಿನಾರರ ಹುಡುಗನ ಹಾಗೆ ಕೆಳಗೆ ತುಂಬಿಸಿಕೊಂಡರೆ, 35ಕ್ಕೆ ಹಿಂದಿನ ಕೂದಲು ಸರಿದು ಮುಂದೊಂದು ಪಟ್ಟಿ ಮಾತ್ರ ಉಳಿಯುತ್ತದೆ. ಆಗ ತುಂಬಲು ಹಿಂದಲೆಯಲ್ಲಿ ಸಾಕಷ್ಟು ಇರುವುದಿಲ್ಲ. ಅದಕ್ಕೇ ಒಳ್ಳೆಯ ಡಾಕ್ಟರುಗಳು ಚಿಕ್ಕ ವಯಸ್ಸಿನವರನ್ನು ಮೊದಲು ಒಂದು ವರ್ಷ ಔಷಧಿಯ ಮೇಲೆ ಇಟ್ಟು ನೋಡುತ್ತಾರೆ. ಕಸಿ ಆದ ಮೇಲೂ ಉಳಿದ ಕೂದಲಿಗೆ ಔಷಧಿ ಬೇಕೇ ಬೇಕು. ಒಮ್ಮೆ ದುಡ್ಡು ಕೊಟ್ಟು ಪಾರಾದೆ ಅನ್ನುವ ಲೆಕ್ಕ ಇಲ್ಲಿಯೂ ಇಲ್ಲ.

ಕಾನ್ಪುರದಲ್ಲಿ ಕಸಿ ಮಾಡಿಸಿಕೊಂಡ ಇಬ್ಬರು ಇಂಜಿನಿಯರುಗಳು ಸತ್ತ ಪ್ರಕರಣ 2025ರ ಮೇ ತಿಂಗಳಲ್ಲಿ ದೇಶವೆಲ್ಲ ಸುದ್ದಿಯಾಯಿತು. ಕಸಿ ಮಾಡಿದವರ ಅರ್ಹತೆಯೇ ಅಲ್ಲಿ ಪ್ರಶ್ನೆಯಾಯಿತು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರಿನಲ್ಲೇ ಹೇಳಿತ್ತು: ತರಬೇತಿ ಪಡೆದ ನೋಂದಾಯಿತ ವೈದ್ಯರೇ ಇದನ್ನು ಮಾಡಬೇಕು, ಯೂಟ್ಯೂಬ್ ನೋಡಿ, ವರ್ಕ್‌ಶಾಪಿಗೆ ಹೋಗಿ ಕಲಿತದ್ದು ಸಾಲದು. ಕಸಿ ಅಂದರೆ ಗಂಟೆಗಟ್ಟಲೆ ನಡೆಯುವ ಶಸ್ತ್ರಚಿಕಿತ್ಸೆ. ತಲೆಗೆ ಮರಗಟ್ಟುವ ಇಂಜೆಕ್ಷನ್ ಮೇಲೆ ಮೇಲೆ ಬೀಳುತ್ತದೆ. ಪ್ರಮಾಣ ತಪ್ಪಿದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ಕೆಡಬಹುದು. ಹಾಗಾಗಿ ಎಷ್ಟು ಗ್ರಾಫ್ಟ್ (ನೆಡುವ ಬೇರು), ಎಷ್ಟು ಡಿಸ್ಕೌಂಟ್ ಅಂತ ಕೇಳುವ ಮುಂಚೆ ಯಾರು ಕೊರೆಯುತ್ತಾರೆ, ಯಾರು ನೆಡುತ್ತಾರೆ, ಡಾಕ್ಟರ್ ಪೂರ್ತಿ ಹೊತ್ತು ಒಳಗೆ ಇರುತ್ತಾರಾ, ಏನಾದರೂ ಹೆಚ್ಚುಕಮ್ಮಿಯಾದರೆ ಆಕ್ಸಿಜನ್ ಮತ್ತು ಐಸಿಯು ಎಲ್ಲಿದೆ ಅಂತ ಕೇಳಿ. ಡಾಕ್ಟರ್ ಹೆಸರು ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಇದೆಯಾ ನೋಡಿ. ಇಷ್ಟು ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಕಡೆ ತಲೆ ಕೊಡಬಾರದು.

ಖರ್ಚಿನ ಲೆಕ್ಕ ಹಾಕೋಣ. ಮಿನಾಕ್ಸಿಡಿಲ್ 60 ಮಿಲಿ ಬಾಟಲಿ, ದಿನಕ್ಕೆ 2 ಮಿಲಿಯಂತೆ, ಸರಿಯಾಗಿ 30 ದಿನಕ್ಕೆ ಮುಗಿಯುತ್ತದೆ. ಬೆಲೆ ಕಂಪನಿಯಿಂದ ಕಂಪನಿಗೆ ಬೇರೆ. ಫಿನಾಸ್ಟೆರೈಡ್ ಗುಳಿಗೆಯೂ ಸೇರಿ ತಿಂಗಳಿಗೆ 1,000 ರೂಪಾಯಿ ಅಂತ ಹಿಡಿದರೆ ವರ್ಷಕ್ಕೆ 12,000, ಇಪ್ಪತ್ತು ವರ್ಷಕ್ಕೆ 2,40,000. ತಿಂಗಳ ಪಗಾರು ಹದಿನೈದು ಸಾವಿರ ಇರುವವನು ಈ ಸಾವಿರವನ್ನು ಎಲ್ಲಿಂದ ತೆಗೆಯುತ್ತಾನೆ ಅಂತ ಮೊದಲೇ ಯೋಚಿಸಬೇಕು. ಎರಡರಲ್ಲಿ ಒಂದನ್ನು ಮಾತ್ರ ನಡೆಸಲು ಆಗುವುದಾದರೆ ಡಾಕ್ಟರಿಗೆ ಹಾಗೇ ಹೇಳಬಹುದು. ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆರು ತಿಂಗಳು ಎರಡೂ ಹಚ್ಚಿ ನುಂಗಿ ಬಿಡುವುದಕ್ಕಿಂತ ಒಂದನ್ನೇ ಬಿಡದೆ ನಡೆಸುವುದು ಲಾಭ.

ಏನೂ ಮಾಡದಿರುವುದೂ ಒಂದು ದಾರಿ, ಅದನ್ನೂ ಡಾಕ್ಟರ್ ಹತ್ತಿರ ಮಾತಾಡಬೇಕು. ಈ ಬೋಳುತಲೆಯಿಂದ ಜೀವಕ್ಕೆ ಅಪಾಯವಿಲ್ಲ. ಮಷಿನ್ ಹಾಕಿಸಿ ಕೂದಲು ಗಿಡ್ಡ ಮಾಡಿದರೆ ಬೋಳು ಜಾಗ ಎದ್ದು ಕಾಣುವುದಿಲ್ಲ. ಹೇರ್ ಪ್ಯಾಚ್ ಇದೆ, ನಮ್ಮ ಬಿಸಿಲಿಗೆ ಅದರ ಕೆಳಗೆ ಬೆವರಿ ತುರಿಸುವುದೂ ಇದೆ. ಹೆಲ್ಮೆಟ್ ಮಾತ್ರ ಬಿಡಬೇಡಿ, ಅದರಿಂದ ಯಾರ ತಲೆಯೂ ಬೋಳಾಗುವುದಿಲ್ಲ. ಹೆಣ್ಣು ಕೊಡುವವರು ಕೂದಲು ನೋಡುತ್ತಾರೆ ಅನ್ನುವ ಸಂಕಟ ಸುಳ್ಳಲ್ಲ, ನನಗೂ ಅದು ಗೊತ್ತು. ಹೊಲ ಮಾಡುವ ಹುಡುಗನಿಗೆ ಹೆಣ್ಣು ಸಿಗುವುದೇ ಕಷ್ಟವಾಗಿರುವಾಗ ಇದೊಂದು ಸೇರಿತು ಅಂತ ತಾಯಂದಿರು ಕಣ್ಣೀರು ಹಾಕುವುದನ್ನು ಕೇಳಿದ್ದೇನೆ. ಆದರೆ ಟೋಪಿ ಹಾಕಿದ ಫೋಟೋ ಬಯೋಡಾಟಾಕ್ಕೆ ಅಂಟಿಸಿ ಕಳಿಸಿದರೆ ಹೆಣ್ಣು ನೋಡಲು ಹೋದ ದಿನ ಆ ಹುಡುಗನಿಗೇ ಜಾಸ್ತಿ ನೋವಾಗುತ್ತದೆ. ಇದ್ದ ಹಾಗೇ ಫೋಟೋ ಕಳಿಸಿ.

ಔಷಧಿ ಶುರು ಮಾಡುವವರು ಇನ್ನೊಂದು ಫೋಟೋ ತೆಗೆದಿಟ್ಟುಕೊಳ್ಳಬೇಕು. ಮೊದಲ ದಿನ, ಒಂದೇ ಜಾಗದಲ್ಲಿ ನಿಂತು, ಒಂದೇ ಬೆಳಕಿನಲ್ಲಿ, ತಲೆ ಒಣಗಿರುವಾಗ ಹಣೆ, ನೆತ್ತಿ, ಎರಡು ಪಕ್ಕ. ಮೂರು ತಿಂಗಳಿಗೊಮ್ಮೆ ಅದೇ ಜಾಗ, ಅದೇ ಬೆಳಕು, ಅಷ್ಟೇ ಉದ್ದದ ಕೂದಲು. ದಿನಾ ಕನ್ನಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹನ್ನೆರಡನೇ ತಿಂಗಳು ಮೊದಲ ಫೋಟೋ ಪಕ್ಕದಲ್ಲಿಟ್ಟು ನೋಡಿ. ಇದ್ದಷ್ಟೇ ಇದ್ದರೆ ಔಷಧಿ ಕೆಲಸ ಮಾಡುತ್ತಿದೆ ಅಂತಲೇ ಅರ್ಥ, ಯಾಕೆಂದರೆ ಔಷಧಿ ಇಲ್ಲದೆ ಬಿಟ್ಟಿದ್ದರೆ ಕೂದಲು ಇನ್ನೂ ಕಡಿಮೆಯಾಗುತ್ತಿತ್ತು. ಸರಿಯಾಗಿ ಹಚ್ಚಿಯೂ, ನುಂಗಿಯೂ ಕಡಿಮೆಯಾಗಿದ್ದರೆ ಆ ಫೋಟೋಗಳನ್ನೇ ಡಾಕ್ಟರ್ ಮುಂದೆ ಇಟ್ಟು, ಬದಲಿಸೋಣವಾ ನಿಲ್ಲಿಸೋಣವಾ ಅಂತ ಕೇಳಿ.